ಗಂಡನ ಗುಟ್ಟು, ಹೆಂಡತಿಯ ಲೆಕ್ಕ

ಕುಂದಾಪುರ ತಾಲೂಕಿನ ಕೆರಾಡಿಯ ಹೆಸರು ನಾಡಿನ ಬಾಯಿಗೆ ಬಂದದ್ದು 2022ರಲ್ಲಿ. ರಿಷಬ್ ಶೆಟ್ಟಿ ತಮ್ಮ ಹುಟ್ಟೂರಿನ ಕಾಡು-ಗದ್ದೆಗಳ ನಡುವೆಯೇ ‘ಕಾಂತಾರ’ ಚಿತ್ರೀಕರಿಸಿದ ಮೇಲೆ, ಅಲ್ಲಿಯತನಕ ಮೂಡುಗಲ್ಲಿನ ಗುಹಾ ದೇವಸ್ಥಾನ ಹುಡುಕಿಕೊಂಡು ಬರುವವರಿಗಷ್ಟೇ ಗೊತ್ತಿದ್ದ ದಾರಿಯಲ್ಲಿ ಬೆಂಗಳೂರಿನ ಕಾರುಗಳು ಕಾಣಿಸಿಕೊಂಡವು. ಬೆಂಗಳೂರು ಕೆರಾಡಿಗೆ ಬರುವುದಕ್ಕೆ ಬಹಳ ಮೊದಲೇ ಈ ಸೀಮೆಯ ಗಂಡಸರು ಬೆಂಗಳೂರಿಗೂ ಬೊಂಬಾಯಿಗೂ ಹೋಗಿಯಾಗಿತ್ತು. ಆಮೇಲೆ ಕೊಲ್ಲಿ ದೇಶಗಳ ಸರದಿ. ಹೋಟೆಲಿನ ಗಲ್ಲಾ, ಬೇಕರಿಯ ಒಲೆ, ಕ್ಯಾಂಟೀನಿನ ಕೆಲಸ ಎಂದು ಹೋದವರ ದುಡ್ಡು ತಿಂಗಳಿಗೊಮ್ಮೆ ಊರಿಗೆ ಬರುತ್ತಿತ್ತು. ಅವರು ಬರುತ್ತಿದ್ದುದು ಮದುವೆಗೋ ಹಬ್ಬಕ್ಕೋ. ಉಳಿದ ದಿನಗಳಲ್ಲಿ ತೋಟ, ದನ, ಮಕ್ಕಳು, ಅತ್ತೆ-ಮಾವ ಎಲ್ಲವೂ ಹೆಂಗಸರ ಪಾಲು.

ಇಂಥ ಮನೆಗಳ ಸುತ್ತ ಒಂದು ಮಾತು ಆಗಾಗ ತಗ್ಗಿದ ದನಿಯಲ್ಲಿ ಸುಳಿಯುತ್ತದೆ: “ಅವಂಗೆ ಅಲ್ಲೂ ಒಂದ್ ಮನಿ ಇತ್ತ್ ಅಂಬ್ರ್.” ಕೆರಾಡಿಯ ಮಾತೆಂದು ತಿಳಿಯಬಾರದು. ಘಟ್ಟದ ಕೆಳಗೆ, ಘಟ್ಟದ ಮೇಲೆ, ಗಂಡಸರು ದುಡಿಯಲು ಹೊರಗೆ ಹೋಗುವ ಯಾವ ಊರಲ್ಲಿ ಕಿವಿಯಿಟ್ಟರೂ ಇದು ಕೇಳಿಸುತ್ತದೆ. ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: “ಗಂಡ್ಸ್ರಲ್ದಾ, ಎಂತ ಮಾಡುಕಾತ್ತ್.” ಮಳೆಗಾಲದಲ್ಲಿ ಮಳೆ ಬಂದ ಸುದ್ದಿ ಕೇಳಿದಷ್ಟೇ ನಿರುದ್ವೇಗ.

ನಿಜಕ್ಕೂ ಅಷ್ಟು ಸಾಮಾನ್ಯವೇ ಇದು? ಮದುವೆಯಾದ ಗಂಡಸರಲ್ಲಿ ಎಷ್ಟು ಮಂದಿ ಹೆಂಡತಿಗೆ ಮೋಸ ಮಾಡುತ್ತಾರೆ?

ಸರ್ಕಾರದ ಕೈಯಲ್ಲಿ ಒಂದು ಅಂಕಿ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ದೇಶದ 707 ಜಿಲ್ಲೆಗಳಲ್ಲಿ ನಡೆಯಿತು. ಲೈಂಗಿಕ ನಡವಳಿಕೆಯ ಪ್ರಶ್ನೆಗಳಿಗೆ ಸುಮಾರು ಒಂದು ಲಕ್ಷ ಗಂಡಸರೂ 1.1 ಲಕ್ಷ ಹೆಂಗಸರೂ ಉತ್ತರ ಕೊಟ್ಟರು. ಹಿಂದಿನ 12 ತಿಂಗಳಲ್ಲಿ, ತಾವು ಮದುವೆಯಾಗಿರದ, ಜೊತೆಗೆ ಬಾಳುತ್ತಲೂ ಇಲ್ಲದ ಒಬ್ಬರೊಂದಿಗೆ ದೈಹಿಕ ಸಂಬಂಧ ಇತ್ತೆಂದು ಹೇಳಿದ ಗಂಡಸರು ಶೇ. 4; ಹೆಂಗಸರು ಶೇ. 0.5. ಈ ಶೇ. 4ರಲ್ಲಿ ಮದುವೆಯಾಗದ ಹುಡುಗರೂ ಸೇರಿದ್ದಾರೆ. ಅವರನ್ನು ತೆಗೆದರೆ ಉಳಿಯುವುದು ಇನ್ನೂ ಕಡಿಮೆ. ಇದನ್ನು ನಂಬುವುದಾದರೆ ಭಾರತದ ಗಂಡನಷ್ಟು ಏಕಪತ್ನೀವ್ರತಸ್ಥ ಲೋಕದಲ್ಲೇ ಅಪರೂಪ. ರಾಮಚಂದ್ರನಿಗೆ ಇಷ್ಟೊಂದು ಮಂದಿ ಶಿಷ್ಯರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ನಂಬುವ ಮೊದಲು ಪ್ರಶ್ನೆ ಕೇಳಿದ ಬಗೆಯನ್ನು ಕಣ್ಣೆದುರು ತಂದುಕೊಳ್ಳಬೇಕು. ಮನೆ ಬಾಗಿಲಿಗೆ ಬಂದ ಅಪರಿಚಿತ, ಕೈಯಲ್ಲೊಂದು ಟ್ಯಾಬ್ಲೆಟ್, ಪಡಸಾಲೆಯಲ್ಲಿ ಅಪ್ಪ, ಅಡುಗೆಮನೆಯಲ್ಲಿ ಹೆಂಡತಿ. ಏಕಾಂತದಲ್ಲೇ ಕೇಳಬೇಕೆಂಬ ನಿಯಮವೇನೋ ಇದೆ, ಆದರೆ ನಮ್ಮ ಮನೆಗಳಲ್ಲಿ ಏಕಾಂತವೆಂಬುದು ಎಲ್ಲಿದೆ? ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸೋಜಿಗ ಇದೆ. ಜೀವಮಾನದಲ್ಲಿ ಎಷ್ಟು ಮಂದಿ ಸಂಗಾತಿಗಳಿದ್ದರು ಎಂಬುದಕ್ಕೆ ಗಂಡಸರ ಸರಾಸರಿ 2.1, ಹೆಂಗಸರದು 1.7. ಗಂಡು-ಹೆಣ್ಣಿನ ಪ್ರತಿ ಸಂಬಂಧದಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಇರಲೇಬೇಕಾದ್ದರಿಂದ, ಎರಡೂ ಕಡೆಯವರ ಸಂಖ್ಯೆ ಸರಿಸುಮಾರು ಸಮವಾಗಿದ್ದರೆ ಎರಡು ಸರಾಸರಿಗಳೂ ಸಮವೇ ಆಗಬೇಕು. ಅಮೆರಿಕದ ಗಣಿತಜ್ಞ ಡೇವಿಡ್ ಗೇಲ್ 2007ರಲ್ಲಿ ತಮ್ಮ ದೇಶದ ಸಮೀಕ್ಷೆಗಳ ಬಗ್ಗೆ ತೆಗೆದ ತಕರಾರೂ ಇದೇ. ಲೆಕ್ಕ ಕೂಡದಿದ್ದರೆ ಯಾರೋ ಹೆಚ್ಚು ಹೇಳುತ್ತಿದ್ದಾರೆ, ಯಾರೋ ಮುಚ್ಚಿಡುತ್ತಿದ್ದಾರೆ, ಅಥವಾ ಪ್ರಶ್ನಾವಳಿ ಹಿಡಿದವರು ಲೈಂಗಿಕ ವೃತ್ತಿಯ ಮಹಿಳೆಯರ ಬಾಗಿಲಿಗೆ ಹೋಗಿಯೇ ಇಲ್ಲ. ಮೂರೂ ಒಟ್ಟಿಗೆ ಆಗಿರುವ ಸಾಧ್ಯತೆಯೇ ಹೆಚ್ಚು.

ಅಮೆರಿಕದವರು ಈ ಪ್ರಶ್ನೆಯನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ, ಉತ್ತರಗಳೂ ಅಷ್ಟೇ ಓಲಾಡಿವೆ. ಆಲ್ಫ್ರೆಡ್ ಕಿನ್ಸೆ 1948ರಲ್ಲಿ ಮದುವೆಯಾದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿ ಎಂದ. ಅವನು ಮಾತಾಡಿಸಿದ್ದು ತಾನಾಗಿ ಮುಂದೆ ಬಂದವರನ್ನು, ಹಾಗಾಗಿ ಅಂಕಿ ಉಬ್ಬಿತು. 1992ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಎಡ್ವರ್ಡ್ ಲೌಮನ್ ತಂಡ ಶಾಸ್ತ್ರೀಯವಾಗಿ ಮಾದರಿ ಆರಿಸಿ ಕೇಳಿದಾಗ ಅದು ನಾಲ್ಕರಲ್ಲಿ ಒಬ್ಬನಿಗೆ ಇಳಿಯಿತು. 2010–16ರ ‘ಜನರಲ್ ಸೋಶಿಯಲ್ ಸರ್ವೆ’ಯ ಪ್ರಕಾರ ಮದುವೆಯಲ್ಲಿದ್ದಾಗ ಒಮ್ಮೆಯಾದರೂ ಹಾದಿ ತಪ್ಪಿದ್ದೆವೆಂದು ಒಪ್ಪಿಕೊಂಡ ಗಂಡಸರು ಶೇ. 20, ಹೆಂಗಸರು ಶೇ. 13. ಅತಿ ಹೆಚ್ಚು ಒಪ್ಪಿಕೊಂಡವರು ಎಪ್ಪತ್ತು ದಾಟಿದ ಅಜ್ಜಂದಿರು, ಶೇ. 26. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನಿದೆ ಎಂಬ ನಿರಾಳವೂ ಅದರಲ್ಲಿ ಒಂದಿಷ್ಟು ಇದ್ದೀತು.

ಇನ್ನೊಂದು ತುದಿಯಲ್ಲಿ ಆ್ಯಪ್ ಕಂಪನಿಗಳ ಅಂಕಿಗಳು. ಮದುವೆಯಾದವರಿಗೆಂದೇ ಫ್ರಾನ್ಸಿನಲ್ಲಿ 2009ರಲ್ಲಿ ಶುರುವಾಗಿ 2017ರಲ್ಲಿ ಭಾರತಕ್ಕೆ ಬಂದ ‘ಗ್ಲೀಡನ್’, 2020ರಲ್ಲಿ ಸುಮಾರು 1,500 ಮಂದಿ ವಿವಾಹಿತ ಭಾರತೀಯರನ್ನು ಕೇಳಿ, ಶೇ. 55 ಮಂದಿ ಒಮ್ಮೆಯಾದರೂ ಸಂಗಾತಿಗೆ ಮೋಸ ಮಾಡಿದ್ದಾರೆ ಎಂದು ಸಾರಿತು. ತನ್ನ ಬಳಕೆದಾರರಲ್ಲಿ ಬೆಂಗಳೂರಿನವರೇ ಮುಂದು ಎಂದೂ ಹೇಳಿಕೊಂಡಿತು. 2025ರ ಮಧ್ಯದಲ್ಲಿ ‘ಆ್ಯಶ್ಲಿ ಮ್ಯಾಡಿಸನ್’ ಎಂಬ ಇನ್ನೊಂದು ತಾಣ ಭಾರತದ ಊರುಗಳ ಪಟ್ಟಿ ಬಿಟ್ಟು ಕಾಂಚೀಪುರಕ್ಕೆ ಮೊದಲ ಸ್ಥಾನ ಕೊಟ್ಟಿತು. ದೇವಸ್ಥಾನಕ್ಕೂ ರೇಷ್ಮೆ ಸೀರೆಗೂ ಹೆಸರಾದ ಊರಿನವರು ತಬ್ಬಿಬ್ಬಾದರು. ಇವೆಲ್ಲ ಪತ್ರಿಕೆಗಳಲ್ಲಿ ‘ಅಧ್ಯಯನ’ವೆಂದೇ ಅಚ್ಚಾದವು. ಇದೇ ಆ್ಯಶ್ಲಿ ಮ್ಯಾಡಿಸನ್ನಿನ ಮೂರು ಕೋಟಿಗೂ ಹೆಚ್ಚು ಖಾತೆಗಳ ವಿವರ 2015ರಲ್ಲಿ ಸೋರಿಹೋದಾಗ ಖಾತೆದಾರರಲ್ಲಿ ಗಂಡಸರದೇ ಭಾರಿ ಬಹುಮತ ಎಂದು ಗೊತ್ತಾಗಿತ್ತು. ಅವರೊಡನೆ ಸರಸವಾಡುತ್ತಿದ್ದ ‘ಮಹಿಳೆ’ಯರಲ್ಲಿ ಎಷ್ಟೋ ಮಂದಿ ಕಂಪನಿಯೇ ಹುಟ್ಟುಹಾಕಿದ ನಕಲಿ ಖಾತೆಗಳು. ಹೆಂಡತಿಗೆ ಮೋಸ ಮಾಡಲು ಹೊರಟವರು ಮೊದಲು ತಾವೇ ಮೋಸ ಹೋಗಿದ್ದರು.

ಹಾಗಾದರೆ ನಿಜದ ಹತ್ತಿರ ಹೋಗುವ ದಾರಿಯೇ ಇಲ್ಲವೇ? ಇದೆ, ಮತ್ತು ಅದನ್ನು ತುಳಿದು ನೋಡಿದ್ದು ಕರ್ನಾಟಕದಲ್ಲೇ. ಎಚ್‌ಐವಿ ತಡೆಯ ಕೆಲಸಕ್ಕೆಂದು 2003ರಲ್ಲಿ ಹುಟ್ಟಿದ ಕರ್ನಾಟಕ ಆರೋಗ್ಯ ಸಂವರ್ಧನಾ ಪ್ರತಿಷ್ಠಾನ (ಕೆಎಚ್‌ಪಿಟಿ) ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರುವ ಒಂದು ಏರ್ಪಾಟನ್ನು ಎರವಲು ತಂದರು: ಮತಗಟ್ಟೆ. ಹತ್ತು ಹನ್ನೆರಡು ಮಂದಿಯನ್ನು ಒಟ್ಟಿಗೆ ಕರೆದು ಒಬ್ಬೊಬ್ಬರನ್ನೂ ಒಂದೊಂದು ಮರೆಯ ಹಿಂದೆ ಕೂರಿಸುವುದು. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುವುದು. ಪ್ರತಿಯೊಬ್ಬರ ಮುಂದೆ ಬೇರೆ ಬೇರೆ ಬಣ್ಣದ ಪೆಟ್ಟಿಗೆಗಳು, ‘ಹೌದು’ ಎನ್ನಲು ಒಂದು, ‘ಇಲ್ಲ’ ಎನ್ನಲು ಇನ್ನೊಂದು. ಚೀಟಿ ಯಾವ ಪೆಟ್ಟಿಗೆಗೆ ಬಿತ್ತೆಂದು ಪಕ್ಕದವನಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಈ ವಿಧಾನದ ಬಗ್ಗೆ 2012ರಲ್ಲಿ ಪ್ರಕಟವಾದ ಪ್ರಬಂಧ ಹೇಳುವುದು ಇಷ್ಟು: ಎದುರು ಕೂರಿಸಿ ಕೇಳಿದಾಗ ‘ಇಲ್ಲ’ ಎಂದು ಜಾರಿಕೊಳ್ಳುವ ಮುಜುಗರದ ಸಂಗತಿಗಳಿಗೆ ಪೆಟ್ಟಿಗೆಯ ಮುಂದೆ ಕೂತಾಗ ‘ಹೌದು’ ಎನ್ನುವವರು ಹೆಚ್ಚು. ಓಟು ಹಾಕುವಾಗ ಜನ ನಿಜ ಹೇಳುತ್ತಾರೆ ಎಂಬುದು ರಾಜಕಾರಣಿಗಳಿಗೆ ಮೊದಲೇ ಗೊತ್ತಿದ್ದ ವಿಷಯ.

ಇನ್ನೊಂದು ದಾರಿ ಎಂದರೆ ಹೆಂಡತಿಯನ್ನು ಕೇಳುವುದು. ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನು ಒಂದು ಪ್ರಶ್ನೆಯಲ್ಲಷ್ಟೇ ಮಾಡಿದೆ: ನಿಮ್ಮ ಗಂಡನಿಗೆ ಬೇರೆ ಹೆಂಡತಿ ಇದ್ದಾಳೆಯೇ? 2019–21ರಲ್ಲಿ ಶೇ. 1.4 ಮಂದಿ ಹೌದು ಎಂದರು. ಹಿಂದೂಗಳಲ್ಲಿ ಶೇ. 1.3, ಮುಸ್ಲಿಮರಲ್ಲಿ ಶೇ. 1.9. ಹಿಂದೂ ಗಂಡಸಿಗೆ ಎರಡನೇ ಮದುವೆ ನಿಷಿದ್ಧವಾಗಿ ಏಳು ದಶಕ ಕಳೆದಿದೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಈ ಕರಾವಳಿಯಲ್ಲಿ ಇನ್ನೂ ಮುಂಚೆ, 1949ರಲ್ಲೇ, ದ್ವಿಪತ್ನಿತ್ವ ನಿಷೇಧ ಬಂದಿತ್ತು. ಏಳು ವರ್ಷದವರೆಗೆ ಜೈಲು ಇರುವ ಅಪರಾಧವನ್ನೇ ಇಷ್ಟು ಮನೆಗಳಲ್ಲಿ ರಾಜಾರೋಷವಾಗಿ ಮಾಡಿದ್ದಾರೆ ಎಂದಾದರೆ, ಯಾವ ಶಿಕ್ಷೆಯೂ ಇಲ್ಲದ ಗುಟ್ಟಿನ ಸಂಬಂಧಗಳು ಅದರ ಹಲವು ಪಟ್ಟು ಇರಲೇಬೇಕು.

ಒಟ್ಟಿನಲ್ಲಿ ಶೇ. 4 ಕಡಿಮೆಯಾಯಿತು, ಶೇ. 55 ಜಾಹೀರಾತಾಯಿತು. ನಿಜ ನಡುವೆ ಎಲ್ಲೋ ಇದೆ. ಹೆಚ್ಚಿನ ಗಂಡಂದಿರು ನಿಷ್ಠರು ಎನ್ನುವುದಕ್ಕೆ ಎಲ್ಲ ಗಂಭೀರ ಸಮೀಕ್ಷೆಗಳೂ ಸಾಕ್ಷಿ. ‘ಗಂಡ್ಸ್ರಲ್ದಾ’ ಎಂಬ ಸಬೂಬು ಮೊದಲು ಅವಮಾನ ಮಾಡುವುದೇ ಈ ಬಹುಸಂಖ್ಯಾತರಿಗೆ. ಆದರೆ ಎಷ್ಟು ಮಂದಿ ಎಂದು ಕೇಳುತ್ತ ಕೂತರೆ ಅದಕ್ಕಿಂತ ಕೆಲಸಕ್ಕೆ ಬರುವ ಇನ್ನೊಂದು ಪ್ರಶ್ನೆ ಹಿಂದುಳಿಯುತ್ತದೆ. ಸಿಕ್ಕಿಬಿದ್ದಾಗ ತೆರುವವರು ಯಾರು?

ಇದಕ್ಕೆ ಕುಂದಾಪುರ ತಾಲೂಕಿನಲ್ಲೇ ಬಲು ಹಳೆಯ ಒಂದು ಕಥೆ ಇದೆ. ನಡೆದದ್ದು ಬಸ್ರೂರಿನಲ್ಲಿ, ಹಾಡಿದ್ದು ತುಳುವಿನಲ್ಲಿ. ಸಿರಿ ಪಾಡ್ದನದ ನಾಯಕಿ ಸಿರಿಯನ್ನು ಮದುವೆ ಮಾಡಿಕೊಟ್ಟದ್ದು ಬಸ್ರೂರು ಬೀಡಿನ ಕಾಂತು ಪೂಂಜನಿಗೆ. ಸಿರಿ ಬಸುರಿಯಾಗುತ್ತಾಳೆ, ಬಯಕೆಯ ಶಾಸ್ತ್ರಕ್ಕೆ ಸೀರೆ ತರಲು ಗಂಡ ಹೊರಡುತ್ತಾನೆ. ತರುವ ದಾರಿಯಲ್ಲಿ ಸಿದ್ದು ಎಂಬ ಸೂಳೆಯ ಮನೆ. ಅವಳು ಸೀರೆ ಕಂಡು ಆಸೆಪಡುತ್ತಾಳೆ, ಉಟ್ಟು ನೋಡುತ್ತಾಳೆ. ಅವನು ಅದನ್ನೇ ಮತ್ತೆ ಮಡಚಿ ಹೆಂಡತಿಗೆ ತಂದುಕೊಡುತ್ತಾನೆ. ತುಂಬಿದ ಸಭೆಯಲ್ಲಿ ಸಿರಿ ಆ ಸೀರೆಯನ್ನು ಮುಟ್ಟುವುದಿಲ್ಲ. ಯಾಕೆಂದು ಎಲ್ಲರೆದುರು ಹೇಳಿಯೂ ಬಿಡುತ್ತಾಳೆ. ಮುಂದೆ ಅವಮಾನ, ಹಗೆ, ಅಜ್ಜನ ಸಾವು, ಆಸ್ತಿಯ ಜಗಳ. ಕೊನೆಗೆ ಸಿರಿ ‘ಬರ’ ಪಡೆಯುತ್ತಾಳೆ, ಎಂದರೆ ವಿಚ್ಛೇದನ. ಎಳೆಗೂಸು ಕುಮಾರನನ್ನೂ ಕೆಲಸದ ದಾರುವನ್ನೂ ಕರೆದುಕೊಂಡು ಹೊರಬೀಳುತ್ತಾಳೆ, ಬೀಡಿಗೆ ಶಾಪ ಹಾಕುತ್ತಾಳೆ, ಮುಂದೆ ಕೊಡ್ಸರಾಳ್ವನನ್ನು ಮದುವೆಯೂ ಆಗುತ್ತಾಳೆ. ಅಲ್ಲಿ ಮೊದಲೇ ಒಬ್ಬ ಹೆಂಡತಿ ಇದ್ದಾಳೆ, ಸಾಮು. ಅವಳ ಸಂಕಟ ಇನ್ನೊಂದು ಕಥೆ. ಪಾಡ್ದನ ಕಟ್ಟಿದವರು ಸಿರಿಯ ಪರ ವಹಿಸಿಯೂ ಸಾಮುವನ್ನು ಮರೆಯಲಿಲ್ಲ.

ಬೆಳ್ತಂಗಡಿ ಕಡೆಯ ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಅಚ್ಚಾಯಿತು. ಅದರ ಕೇಂದ್ರದಲ್ಲಿ ಗಂಡನ ಜಾರತನ, ಹೆಂಡತಿಯ ನಿರಾಕರಣೆ. ಹಿರಿಯಡ್ಕ, ಕವತ್ತಾರು, ನಂದಳಿಕೆಗಳ ಸಿರಿ ಜಾತ್ರೆಯಲ್ಲಿ ಇಂದಿಗೂ ಹುಣ್ಣಿಮೆಯ ರಾತ್ರಿ ನೂರಾರು ಹೆಂಗಸರು ಆವೇಶಗೊಳ್ಳುತ್ತಾರೆ. ಮನೆಯಲ್ಲಿ ಆಡಲಾರದ ಮಾತನ್ನು ಅಲ್ಲಿ ಆಡುತ್ತಾರೆ ಎನ್ನುವುದನ್ನು ಜಾನಪದ ವಿದ್ವಾಂಸರು ಮತ್ತೆ ಮತ್ತೆ ಗುರುತಿಸಿದ್ದಾರೆ.

ಸಿರಿ ಎದ್ದು ಹೋಗಲು ಸಾಧ್ಯವಾದದ್ದು ಕಥೆಯ ಹುಮ್ಮಸ್ಸಿನಿಂದಷ್ಟೇ ಅಲ್ಲ. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ನಡೆದುಬಂದ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಇಳಿದು ಬರುವುದು ಹೆಣ್ಣಿನ ಕಡೆಯಿಂದ. ಹೆಣ್ಣಿಗೆ ತನ್ನದೆನ್ನುವ ಮನೆ ಇತ್ತು, ಮಕ್ಕಳು ಅವಳ ಕುಟುಂಬದವರಾಗಿದ್ದರು, ಗಂಡನನ್ನು ಬಿಡುವುದಕ್ಕೂ ಮತ್ತೆ ಮದುವೆಯಾಗುವುದಕ್ಕೂ ದಾರಿಯಿತ್ತು. ಇದನ್ನು ಸ್ವರ್ಗವೆಂದು ವರ್ಣಿಸುವುದು ಬೇಡ. ಯಜಮಾನಿಕೆ ಬಹುಪಾಲು ಸೋದರಮಾವನ ಕೈಯಲ್ಲಿತ್ತು, ಮದುವೆಯ ಮಾತುಕತೆಯೂ ಅವನದೇ. ಆದರೂ ಮೋಸ ಮಾಡಿದ ಗಂಡ ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿ ತವರಿಗೆ ಹೋಗಿರಬಹುದಿತ್ತು, ಹಾಗೆ ಹೋದವಳು ಅಲ್ಲಿ ನೆಂಟಳಂತೆ ಇರಬೇಕಾಗಿರಲಿಲ್ಲ. ಬ್ರಿಟಿಷ್ ನ್ಯಾಯಾಧೀಶರಿಗೆ ಇದು ಅರ್ಥವಾಗಲಿಲ್ಲ. ಇಷ್ಟವಿಲ್ಲದಾಗ ಬಿಡಬಹುದಾದ ಸಂಬಂಧ ಕಾನೂನಿನ ಅರ್ಥದಲ್ಲಿ ಮದುವೆಯೇ ಅಲ್ಲ ಎಂದು ಮದ್ರಾಸಿನ ನ್ಯಾಯಾಲಯಗಳು ಹತ್ತೊಂಬತ್ತನೇ ಶತಮಾನದಲ್ಲಿ ಹೇಳಿದವು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ನಂತರ ಹಳೆಯ ಕಟ್ಟು ಮೆಲ್ಲಗೆ ಕರಗಿತು.

ಅಳಿಯಸಂತಾನದ ಹೊರಗಿದ್ದ ಮನೆಗಳಲ್ಲಿ ಏನಾಗುತ್ತಿತ್ತು ಎಂಬುದನ್ನು ಅದೇ ಕಡಲ ದಂಡೆಯ ಕೋಟದ ಶಿವರಾಮ ಕಾರಂತರು ಬರೆದಿಟ್ಟಿದ್ದಾರೆ. 1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ಯ ಲಚ್ಚ ಓದಲು ಪೇಟೆಗೆ ಹೋಗಿ ಜೂಜು, ಸೂಳೆಗಾರಿಕೆ ಕಲಿಯುತ್ತಾನೆ. ಅವನು ಹೊರಗಿನಿಂದ ತಂದ ರೋಗ ಮನೆಯಲ್ಲಿದ್ದ ನಾಗವೇಣಿಯ ಮೈಸೇರುತ್ತದೆ. ಅವನಪ್ಪ ರಾಮ ಐತಾಳರೂ ಮಕ್ಕಳಾಗಲಿಲ್ಲವೆಂದು ಇನ್ನೊಬ್ಬಳನ್ನು ಕಟ್ಟಿಕೊಂಡವರೇ. ಆ ಕಾಲಕ್ಕೆ ಅದು ಶಾಸ್ತ್ರಸಮ್ಮತ. ಆದರೆ ಮಗನ ಗುಣ ಕಂಡ ಮೇಲೆ ಆ ಮುದುಕ ಮಾಡುವ ಕೆಲಸ ದೊಡ್ಡದು: ಉಪದೇಶಕ್ಕೆ ಹೋಗದೆ ಆಸ್ತಿಯನ್ನು ಸೊಸೆಯ ಹೆಸರಿಗೆ ಬರೆಯುತ್ತಾನೆ. ಮುಂದೆ ಕಾರಂತರು ‘ಮೈಮನಗಳ ಸುಳಿಯಲ್ಲಿ’ (1970) ಬರೆದಾಗ ಮತ್ತೆ ಬಸ್ರೂರಿಗೇ ಹೋದರು, ಈ ಸಲ ಇನ್ನೊಂದು ಬಾಗಿಲಿನಿಂದ. ಅದರ ನಾಯಕಿ ಮಂಜುಳೆ ವೇಶ್ಯೆ. ಸಿದ್ದುವಿಗೆ ಪಾಡ್ದನ ಕೊಡದ ಒಳಮನಸ್ಸನ್ನು ಕಾರಂತರು ಮಂಜುಳೆಗೆ ಕೊಟ್ಟರು.

ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಚಂದ್ರಿಯೂ ಕುಂದಾಪುರದವಳೇ. ಕಟ್ಟಿಕೊಂಡವಳನ್ನು ಬಿಟ್ಟು ನಾರಣಪ್ಪ ಅವಳನ್ನು ಅಗ್ರಹಾರಕ್ಕೇ ಕರೆತಂದ. ಅದೇ ಅಗ್ರಹಾರದ ಶ್ರೀಪತಿ ಮನೆಯಲ್ಲಿ ಹೆಂಡತಿ ಇದ್ದೂ ಕತ್ತಲಲ್ಲಿ ಬೆಳ್ಳಿಯ ಬಳಿಗೆ ಹೋಗಿಬರುತ್ತಿದ್ದ. ಊರಿಗೆ ಸಹಿಸಲಾಗದ್ದು ನಾರಣಪ್ಪನನ್ನು ಮಾತ್ರ. ಗುಟ್ಟಾಗಿ ಮಾಡಿದವನಿಗೆ ಪಂಕ್ತಿಯಲ್ಲಿ ಎಲೆ ಇತ್ತು. ಈ ವಿನಾಯಿತಿ ನಮ್ಮ ಮನರಂಜನೆಗೂ ಇಳಿದಿದೆ. ಯಕ್ಷಗಾನದ ‘ಚಂದ್ರಾವಳಿ ವಿಲಾಸ’ದಲ್ಲಿ ಕೃಷ್ಣನ ಜಾಣತನ ಶೃಂಗಾರವಾದರೆ, ಮೋಸಹೋದ ಚಂದಗೋಪ ಹಾಸ್ಯಗಾರನ ಪಾಲು. ಕನ್ನಡ ಸಿನಿಮಾದಲ್ಲಿ ದಾಂಪತ್ಯದ ಹೊರಗಿನ ಸಂಬಂಧವನ್ನು ಗಂಭೀರವಾಗಿ ನೋಡಿದ ‘ಎಡಕಲ್ಲು ಗುಡ್ಡದ ಮೇಲೆ’ (1973), ‘ಪರಸಂಗದ ಗೆಂಡೆತಿಮ್ಮ’ (1978) ಎರಡರಲ್ಲೂ ಹಾದಿ ತಪ್ಪುವವಳು ಹೆಂಡತಿ, ಕಥೆ ಮುಗಿಯುವುದು ದುರಂತದಲ್ಲಿ. ಇಬ್ಬರು ಹೆಂಡಿರ ನಡುವೆ ಸಿಕ್ಕಿ ಒದ್ದಾಡುವ ಗಂಡನಾದರೋ ನಗೆಚಿತ್ರದ ನಾಯಕ. ಕುಂದಾಪುರದಲ್ಲೇ ಹುಟ್ಟಿ ಬೆಳೆದ ವೈದೇಹಿಯವರ ‘ಅಕ್ಕು’ ಕಥೆ ಓದಿದವರಿಗೆ ಗಂಡ ಬಿಟ್ಟುಹೋದವಳ ಮನೆಯೊಳಗೆ ನಗೆ ಎಲ್ಲಿಂದ ಬರುತ್ತದೆ ಎಂದು ಗೊತ್ತು.

ನಾಗವೇಣಿಯ ಪಾಡು ಕಾದಂಬರಿಯಲ್ಲೇ ಮುಗಿಯಲಿಲ್ಲ. ಪುಣೆಯ ಗುಹ್ಯರೋಗ ಚಿಕಿತ್ಸಾಲಯಗಳಿಗೆ 1990ರ ದಶಕದಲ್ಲಿ ಬಂದ ಮಹಿಳೆಯರನ್ನು ರಾಮನ್ ಗಂಗಾಖೇಡ್ಕರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಕೋವಿಡ್ ದಿನಗಳಲ್ಲಿ ಐಸಿಎಂಆರ್ ಪರವಾಗಿ ದಿನವೂ ಟಿವಿಯಲ್ಲಿ ಕಾಣಿಸುತ್ತಿದ್ದವರು ಇವರೇ. ಲೈಂಗಿಕ ವೃತ್ತಿಯಲ್ಲಿ ಇಲ್ಲದ ಮಹಿಳೆಯರಲ್ಲೂ ನೂರಕ್ಕೆ 13ಕ್ಕಿಂತ ಹೆಚ್ಚು ಮಂದಿಗೆ ಎಚ್‌ಐವಿ ತಗುಲಿತ್ತು. ಅವರಲ್ಲಿ ಹೆಚ್ಚಿನವರು ಗಂಡನ ಹೊರತು ಬೇರೆ ಗಂಡಸನ್ನು ಅರಿಯದವರು. 1997ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಈ ಪ್ರಬಂಧ ಬಂದಾಗ, ಪತಿವ್ರತೆಗೆ ರೋಗವಿಲ್ಲ ಎಂಬ ನಮ್ಮ ಜಾಣಕುರುಡು ಕಳಚಿಬಿತ್ತು. ಅದಾದ ಮೇಲೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ವಲಸೆ ಕೆಲಸಗಾರರನ್ನೂ ದೂರದ ಲಾರಿ ಚಾಲಕರನ್ನೂ ಸೋಂಕು ಊರಿನ ಮನೆಗೆ ದಾಟುವ ‘ಸೇತುವೆ’ ಎಂದು ಗುರುತಿಸಿ ಕಾರ್ಯಕ್ರಮ ರೂಪಿಸಿತು. ಗಂಡ ದೂರದಲ್ಲಿದ್ದಾನೆ ಎಂದ ಮಾತ್ರಕ್ಕೆ ಕೆಟ್ಟವನೆಂದು ಯಾರೂ ಅನ್ನುವುದಿಲ್ಲ. ಒಂದು ಕೋಣೆಯಲ್ಲಿ ಎಂಟು ಮಂದಿ ಮಲಗಿ ದುಡಿಯುವವನ ಒಂಟಿತನವೂ ಸಣ್ಣದಲ್ಲ. ಆದರೆ ಅವನ ಒಂಟಿತನದ ಖರ್ಚು ಊರಿನಲ್ಲಿ ಅಷ್ಟೇ ಒಂಟಿಯಾಗಿದ್ದವಳ ಮೈಮೇಲೆ ಬಿದ್ದದ್ದು ದಾಖಲಾದ ಸಂಗತಿ.

ಇನ್ನು ಕಾನೂನು. ‘ಸುಪ್ರೀಂ ಕೋರ್ಟೇ ತಪ್ಪಲ್ಲ ಎಂದಿದೆ’ ಎಂಬ ಮಾತು 2018ರಿಂದ ಎಲ್ಲ ಕಟ್ಟೆಗಳ ಮೇಲೂ ಕೇಳುತ್ತದೆ. ಕೋರ್ಟು ಹೇಳಿದ್ದು ಅದನ್ನಲ್ಲ. ಭಾರತೀಯ ದಂಡಸಂಹಿತೆಯ 497ನೇ ಕಲಮು ಗಂಡನ ಜಾರತನವನ್ನು ಎಂದೂ ಅಪರಾಧವೆಂದು ಎಣಿಸಿರಲೇ ಇಲ್ಲ. ಇನ್ನೊಬ್ಬನ ಹೆಂಡತಿಯ ಜೊತೆ, ಆ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಸಂಬಂಧ ಇಟ್ಟುಕೊಂಡರೆ ಮಾತ್ರ ಐದು ವರ್ಷದವರೆಗೆ ಜೈಲು ಇತ್ತು. ದೂರು ಕೊಡಬಹುದಾಗಿದ್ದವನು ಆ ಹೆಂಗಸಿನ ಗಂಡ. ಮೋಸಮಾಡಿದವನ ಸ್ವಂತ ಹೆಂಡತಿಗೆ ದೂರು ಕೊಡುವ ಹಕ್ಕೇ ಇರಲಿಲ್ಲ. ಕಾಂತು ಪೂಂಜ ಸಿದ್ದುವಿನ ಮನೆಗೆ ಹೋದಂತೆ ಮದುವೆಯಾಗದವಳ ಬಳಿಗೆ ಹೋದರಂತೂ ಕಾನೂನಿಗೆ ಕಣ್ಣೇ ಕಾಣಿಸುತ್ತಿರಲಿಲ್ಲ. ಮೆಕಾಲೆಯ 1837ರ ಕರಡಿನಲ್ಲಿ ಈ ಕಲಮೇ ಇರಲಿಲ್ಲ. ಗಂಡಸು ಬೇಕಾದಷ್ಟು ಹೆಂಡಿರನ್ನು ಕಟ್ಟಿಕೊಳ್ಳಬಹುದಾದ ದೇಶದಲ್ಲಿ ಹೆಣ್ಣಿನ ತಪ್ಪಿಗೆ ಶಿಕ್ಷೆ ಬರೆಯಲು ಅವನು ಹಿಂಜರಿದಿದ್ದ. 1860ರ ಸಂಹಿತೆಗೆ ಅದನ್ನು ಸೇರಿಸಿದವರು ಅವನ ನಂತರದವರು.

1985ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಈ ಕಲಮನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಅದನ್ನು ರದ್ದುಮಾಡಿದ ಐವರಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಒಬ್ಬರು. ಹೆಂಡತಿ ಗಂಡನ ಸೊತ್ತಲ್ಲ ಎಂಬುದು ತೀರ್ಪಿನ ಸಾರ. ಪೀಠದ ಏಕೈಕ ಮಹಿಳೆ ಇಂದು ಮಲ್ಹೋತ್ರಾ ಸಂಗಾತಿಗೆ ಮೋಸ ಮಾಡುವುದು ನೈತಿಕ ತಪ್ಪೇ ಎಂದು ಬರೆದರು, ಆದರೆ ಅದಕ್ಕೆ ಜೈಲು ಸಲ್ಲದೆಂದರು. ಇದು ಸರಿಯಾದ ತೀರ್ಪು. ಮಲಗುವ ಕೋಣೆಗೆ ಪೊಲೀಸರನ್ನು ಕಳಿಸಿ ನಿಷ್ಠೆಯನ್ನು ಯಾರೂ ಬೆಳೆಸಲಾರರು. 2023ರಲ್ಲಿ ಸಂಸದೀಯ ಸಮಿತಿಯೊಂದು ಗಂಡು-ಹೆಣ್ಣು ಇಬ್ಬರಿಗೂ ಶಿಕ್ಷೆಯಾಗುವಂತೆ ಕಲಮನ್ನು ಮರಳಿ ತರಲು ಸಲಹೆ ಮಾಡಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೇರಲಿಲ್ಲ. ಒಳ್ಳೆಯದೇ ಆಯಿತು.

ಹೆಂಡತಿಗೆ ಉಳಿದಿರುವುದು ಸಿವಿಲ್ ದಾರಿ. ಹಿಂದೂ ವಿವಾಹ ಕಾಯ್ದೆಯಲ್ಲಿ 1976ರ ತಿದ್ದುಪಡಿಗೆ ಮೊದಲು ಗಂಡ ‘ಜಾರತನದಲ್ಲಿ ಬದುಕುತ್ತಿದ್ದಾನೆ’ ಎಂದು ತೋರಿಸಬೇಕಿತ್ತು, ಈಗ ಒಂದೇ ಸಲ ತಪ್ಪಿದರೂ ವಿಚ್ಛೇದನಕ್ಕೆ ಆಧಾರ. ಕ್ರೈಸ್ತ ಮಹಿಳೆಯರಿಗೆ ಅಷ್ಟೂ ಇರಲಿಲ್ಲ. 1869ರ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ಜಾರತನವೊಂದೇ ಸಾಕು. ಹೆಂಡತಿಯಾದರೆ ಜಾರತನದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕು. ಇದು ಸರಿಹೋದದ್ದು 2001ರಲ್ಲಿ. ಸಾಬೀತು ಎಂಬುದಂತೂ ಇಂದಿಗೂ ಕಡಿದಾದ ಏರು. ಗಂಡನ ಹೋಟೆಲ್ ವಾಸ್ತವ್ಯದ ದಾಖಲೆ ತರಿಸಿಕೊಳ್ಳಲು 2023ರಲ್ಲಿ ದೆಹಲಿ ಹೈಕೋರ್ಟ್ ಹೆಂಡತಿಗೆ ಅವಕಾಶ ಕೊಟ್ಟಿತು. ಆದರೆ 2022ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಹೆಂಡತಿಯ ಪ್ರಿಯಕರನೆಂದು ಆರೋಪ ಹೊತ್ತ ಮೂರನೆಯವನ ಮೊಬೈಲ್ ಟವರ್ ವಿವರ ಕೇಳುವುದು ಖಾಸಗಿತನದ ಉಲ್ಲಂಘನೆ ಎಂದಿದ್ದರು. ದಂಪತಿ ನಡುವಿನ ಫೋನ್ ಮಾತುಕತೆಯ ಗುಟ್ಟಿನ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಒಪ್ಪಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಹೋಟೆಲ್ ಬಿಲ್ಲು, ಕರೆ ದಾಖಲೆ, ಧ್ವನಿಮುದ್ರಣ ಇವೆಲ್ಲ ವಕೀಲರನ್ನು ಇಟ್ಟುಕೊಳ್ಳಬಲ್ಲವರ ಆಯುಧಗಳು. ಗಂಡನ ಬೆಂಗಳೂರಿನ ವಿಳಾಸವೇ ಸರಿಯಾಗಿ ಗೊತ್ತಿಲ್ಲದ ಹಳ್ಳಿಯ ಹೆಂಗಸು ಏನೆಂದು ಸಾಬೀತು ಮಾಡಬೇಕು?

ಮಾಡಿದರೂ ಅವಳಿಗೆ ಸಿಗುವುದೇನು ಎಂದು ನೋಡಿದರೆ ಲೆಕ್ಕದ ವಾಲಿಕೆ ಕಾಣುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಪ್ರಕಾರ (ಹಳೆಯ 125) ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಹೆಂಡತಿ ಅವನ ಜೊತೆ ಬಾಳಲು ನಿರಾಕರಿಸಬಹುದು, ಜೀವನಾಂಶ ಕೇಳಬಹುದು. ಅದೇ ಕಲಮಿನ ಇನ್ನೊಂದು ಸಾಲು, ಜಾರತನದಲ್ಲಿ ಬದುಕುತ್ತಿರುವ ಹೆಂಡತಿಗೆ ಜೀವನಾಂಶದ ಹಕ್ಕೇ ಇಲ್ಲ ಎನ್ನುತ್ತದೆ. ಅಂದರೆ ಹೆಣ್ಣಿನ ತಪ್ಪಿಗೆ ಅವಳ ಅನ್ನ ಕಟ್. ಗಂಡಿನ ತಪ್ಪಿಗೆ, ಹೇಗೂ ಕೊಡಬೇಕಾಗಿದ್ದ ಅನ್ನವನ್ನು ಕೊಟ್ಟರೆ ಮುಗಿಯಿತು. ಮನೆ, ತೋಟ, ಬೆಂಗಳೂರಿನ ಅಂಗಡಿ ಅವನ ಹೆಸರಿನಲ್ಲಿದ್ದರೆ ವಿಚ್ಛೇದನದ ನಂತರವೂ ಅವನವೇ. ಇಪ್ಪತ್ತು ವರ್ಷ ಆ ತೋಟಕ್ಕೆ ನೀರು ಬಿಟ್ಟವಳಿಗೆ ಪಹಣಿಯಲ್ಲಿ ಜಾಗವಿಲ್ಲ. ಎಲ್ಲ ಗೊತ್ತಿದ್ದೂ ಹೆಂಡತಿ ಬಾಯಿ ಮುಚ್ಚಿಕೊಂಡಿರುವುದನ್ನು ಸಹನೆ, ಸಂಸ್ಕಾರ ಎಂದು ಹೊಗಳುವವರು ಈ ಪಹಣಿಯನ್ನೊಮ್ಮೆ ತೆಗೆದು ನೋಡಬೇಕು.

ಬೈಂದೂರಿನಿಂದ ಕಡಲ ಗುಂಟ ಬಡಗಕ್ಕೆ ಹೋದರೆ ಸಿಗುವ ಗೋವಾದಲ್ಲಿ ಸ್ಥಿತಿ ಬೇರೆ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆ ಅಲ್ಲಿ ಬಿಟ್ಟುಹೋದ ಪದ್ಧತಿಯಂತೆ, ಬೇರೆ ಕರಾರು ಮಾಡಿಕೊಳ್ಳದಿದ್ದರೆ ಮದುವೆಯೊಂದಿಗೇ ಗಂಡ-ಹೆಂಡಿರ ಆಸ್ತಿ ಇಬ್ಬರದೂ ಆಗುತ್ತದೆ, ಬೇರೆಯಾದಾಗ ಅರ್ಧರ್ಧ. ಹೊರಗೊಂದು ಮನೆ ಮಾಡುವ ಮುಂಚೆ ಅಲ್ಲಿಯ ಗಂಡ ಈ ಮನೆಯ ಅರ್ಧದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಅಲ್ಲಿಯ ಗಂಡಸರೆಲ್ಲ ಸಂತರೆಂದು ಇದರ ಅರ್ಥವಲ್ಲ. ಕರ್ನಾಟಕಕ್ಕೂ ಇಂಥದ್ದು ಅಸಾಧ್ಯವೇನಲ್ಲ. ಮದುವೆ ಮತ್ತು ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಕೇಂದ್ರ ಸರ್ಕಾರ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಹನ್ನೊಂದು ವರ್ಷ ಮೊದಲೇ, 1994ರಲ್ಲಿ, ನಮ್ಮ ವಿಧಾನಮಂಡಲ ತನ್ನದೇ ತಿದ್ದುಪಡಿಯಿಂದ ಆ ಪಾಲು ಕೊಟ್ಟಿತ್ತು. ಅಂದು ಮಗಳ ವಿಷಯದಲ್ಲಿ ಕೇಂದ್ರಕ್ಕಾಗಿ ಕಾಯದ ವಿಧಾನಸೌಧ, ಹೆಂಡತಿಯ ವಿಷಯಕ್ಕೆ ಬಂದಾಗ ಈತನಕ ಒಂದು ಮಸೂದೆಯ ಕರಡನ್ನೂ ಚರ್ಚೆಗೆ ಇಡದಿರುವುದನ್ನು ಕುಂದಾಪುರ, ಬೈಂದೂರು, ಉಡುಪಿಗಳ ಶಾಸಕರನ್ನು ಮುಂದಿನ ಸಲ ಮತ ಕೇಳಲು ಬಂದಾಗ ಯಾರಾದರೂ ಕೇಳಬಹುದು. ಕೇಳುವವರು ಹೆಂಗಸರೇ ಆಗಬೇಕೆಂದಿಲ್ಲ. ತಮ್ಮನ್ನೂ ಸೇರಿಸಿ ‘ಗಂಡ್ಸ್ರಲ್ದಾ’ ಎಂದು ತಳ್ಳಿಹಾಕುವುದನ್ನು ಕೇಳಿ ಬೇಸತ್ತ ಗಂಡಸರೂ ಈ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.